ಬ್ಯಾಡಗಿ ಪೇಟೆಯೂ ನಮ್ಮ ಮನೆಯ ಬೀಜವೂ

ಇಂದಿನ ಮಾತು ಒಂದು ಸಣ್ಣ ಊರಿನದು. ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ರೈಲಿನಲ್ಲಿ ಹೊರಟರೆ ಹಾವೇರಿ ದಾಟಿದ ಮೇಲೆ, ರಾಣಿಬೆನ್ನೂರಿಗಿಂತ ಮೊದಲು ಬ್ಯಾಡಗಿ ನಿಲ್ದಾಣ ಬರುವದು. ಸುಗ್ಗಿಯ ದಿನಗಳಲ್ಲಿ ಇಲ್ಲಿ ಇಳಿದವರಿಗೆ ಊರು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ತಿಳಿಯುವದು. ಹೊಸಬರು ಸೀನುತ್ತಾರೆ, ಊರವರು ನಗುತ್ತಾರೆ. ನಮಗೆ ಬ್ಯಾಡಗಿ ಎಂದರೆ ಊರು. ದೂರದ ಅಡಿಗೆಮನೆಗಳಲ್ಲಿ ಬ್ಯಾಡಗಿ ಎಂದರೆ ಮೆಣಸಿನಕಾಯಿ!

ಈ ಸೀಮೆ ಮಲೆನಾಡಿನ ಸೆರಗು. ಪಡುವಣಕ್ಕೆ ಹೋದರೆ ಮಳೆ ಹೆಚ್ಚು, ಮೂಡಣಕ್ಕೆ ಹೋದರೆ ಬಯಲು. ನಡುವೆ ಎರೆಯೂ ಉಂಟು, ಕೆಂಪು ಮಣ್ಣೂ ಉಂಟು. ಮುಂಗಾರಿಗೆ ಬಿತ್ತಿ, ಹಿಂಗಾರಿನ ಹಸಿ ಹಿಡಿದು ಕಾಯಿ ಕಟ್ಟಿಸುವದು ಇಲ್ಲಿಯ ಹಳೆಯ ಪದ್ಧತಿ. ಮೆಣಸಿನ ಗಿಡ, ಹತ್ತಿ, ಉಳ್ಳಾಗಡ್ಡಿ ಈ ಮೂರನ್ನೂ ಒಂದೇ ಹೊಲದಲ್ಲಿ ಹಾಕುತ್ತಿದ್ದರು. ಮೊದಲು ಉಳ್ಳಾಗಡ್ಡಿ, ಆ ಮೇಲೆ ಮೆಣಸಿನಕಾಯಿ, ಕಡೆಗೆ ಹತ್ತಿ ಕೈಗೆ ಬರುತ್ತಿತ್ತು. ಒಂದು ಕೈಕೊಟ್ಟರೆ ಇನ್ನೊಂದು ಮನೆ ನಡೆಸುತ್ತಿತ್ತು.

ತಾಲ್ಲೂಕಿನ ಹಳ್ಳಿಗಳೂ ಸಾಮಾನ್ಯವಲ್ಲ. ಕನಕದಾಸರ ಆರಾಧ್ಯದೈವ ಆದಿಕೇಶವನ ಕಾಗಿನೆಲೆ ಇಲ್ಲಿಯದು. ಕದರಮಂಡಲಗಿಯ ಹನುಮಂತದೇವರಿಗೆ ದೂರದ ಭಕ್ತರು ಬರುತ್ತಾರೆ. ಮೋಟೆಬೆನ್ನೂರಿನಲ್ಲಿ 1911ರಲ್ಲಿ ಹುಟ್ಟಿದ ಮೈಲಾರ ಮಹಾದೇವಪ್ಪನವರು 1930ರಲ್ಲಿ ಗಾಂಧೀಜಿಯವರ ಜೊತೆ ದಂಡಿಗೆ ನಡೆದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದರು. ಧಾರವಾಡ ಜಿಲ್ಲೆಯಲ್ಲಿದ್ದ ಈ ಭಾಗ 1997ರಲ್ಲಿ ಹೊಸ ಹಾವೇರಿ ಜಿಲ್ಲೆಗೆ ಸೇರಿತು.

ಇನ್ನು ಪೇಟೆಯ ಮಾತು. ಸೋಮವಾರ, ಗುರುವಾರ ವ್ಯಾಪಾರದ ದಿನ. ರೈತ, ದಲಾಲ, ಖರೀದಿದಾರ, ಹಮಾಲ, ಚಕ್ಕಡಿಯವ, ಲಾರಿಯವ, ಚಹದಂಗಡಿಯವ, ಎಲ್ಲರ ಒಲೆ ಉರಿಯುವದೂ ಇದೇ ಕಾಯಿಯಿಂದ. ಸಾವಿರಾರು ಹೆಣ್ಣುಮಕ್ಕಳು ಕೂತು ತೊಟ್ಟು ಬಿಡಿಸುತ್ತಾರೆ, ಕಾಯಿ ಆರಿಸುತ್ತಾರೆ. ಸಂಜೆಗೆ ಕೈ ಉರಿಯುವದು, ಆದರೂ ಮರುದಿನ ಬರುವದು ತಪ್ಪದು. ಈ ಊರಿನ ಐಶ್ವರ್ಯದಲ್ಲಿ ಅವರ ಪಾಲು ದೊಡ್ಡದು.

ನಮ್ಮ ಕಾಯಿಯಲ್ಲಿ ಅಂಥಾದ್ದೇನಿದೆ ಅಂತೀರಾ? ಖಾರ ಕಡಿಮೆ, ಬಣ್ಣ ಬಹಳ. ಕಡ್ಡಿ ಎಂಬ ಜಾತಿ ಉದ್ದ, ತೆಳು, ಮೈಯೆಲ್ಲ ಸುಕ್ಕು. ಡಬ್ಬಿ ಗಿಡ್ಡ, ದುಂಡು, ಕಡುಗೆಂಪು. ಖರೀದಿದಾರರು ಇದರಿಂದ ಬಣ್ಣದ ಎಣ್ಣೆ ತೆಗೆಯುತ್ತಾರೆ. ಅದು ಆಹಾರದ ಬಣ್ಣಕ್ಕೂ, ತುಟಿಗೆ ಹಚ್ಚುವ ಬಣ್ಣಕ್ಕೂ ಹೋಗುವದು. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಸರಕಾರದ ಭೌಗೋಳಿಕ ಗುರುತು ದೊರೆಯಿತು.

ಆದರೆ ಬಾಂಧವರೇ, ಒಂದು ಸಂಗತಿ ಯೋಚಿಸಬೇಕು. ಪೇಟೆಗೆ ಬರುವ ಮಾಲಿನಲ್ಲಿ ಬಹುಪಾಲು ಈಗ ಬಳ್ಳಾರಿ, ರಾಯಚೂರು, ಆಂಧ್ರದ ಎರೆ ಹೊಲಗಳದು. ಬ್ಯಾಡಗಿಯ ಸುತ್ತಲಿನ ಹೊಲಗಳಲ್ಲಿ ಗೋವಿನಜೋಳ, ಹತ್ತಿ ನಿಂತಿವೆ. ಇದಕ್ಕೆ ರೈತನನ್ನು ದೂರಲಾಗದು. ಮುಟುರು ರೋಗ ಬಂತು, ಮಳೆ ಹೊತ್ತಿಗೆ ಬರಲಿಲ್ಲ, ಕಾಯಿ ಹರಿಯಲು ಆಳು ಸಿಗಲಿಲ್ಲ. ಧಾರಣಿಯ ಏರಿಳಿತವಂತೂ ಕೇಳುವದೇ ಬೇಡ. 2024ರ ಮಾರ್ಚ್ 11ರ ಸೋಮವಾರ ಲಕ್ಷಗಟ್ಟಲೆ ಚೀಲ ಒಮ್ಮೆಲೇ ಬಂದು ದರ ಕುಸಿದಾಗ ಬೆಳೆಗಾರರ ಸಿಟ್ಟು ಬೆಂಕಿಯಾಗಿ ಪೇಟೆಯ ಕಚೇರಿಯನ್ನೂ ವಾಹನಗಳನ್ನೂ ಸುಟ್ಟಿತು. ಪೇಟೆ ಊರಿನಲ್ಲಿ ಉಳಿಯಿತು. ಬೆಳೆ ಊರಿನಿಂದ ದೂರ ಹೋಯಿತು. ಬೀಜವೂ ಹೋದರೆ ಉಳಿಯುವದು ಬರೀ ಹೆಸರು.

ಆದ್ದರಿಂದ ನಾನು ಹೇಳುವದು ಇಷ್ಟೇ. ಪೂರ್ತಿ ಹೊಲಕ್ಕೆ ಹಾಕಲಾಗದಿದ್ದರೂ ನಾಲ್ಕು ಗುಂಟೆಯಲ್ಲಾದರೂ ಊರ ತಳಿಯನ್ನು ಬೆಳೆಯಿರಿ. ಮೆಣಸಿನ ಹೂವಿನ ಪರಾಗವನ್ನು ಜೇನುಹುಳ ಒಯ್ಯುವದು. ಪಕ್ಕದಲ್ಲಿ ಬೇರೆ ತಳಿ ಇದ್ದರೆ ಬೀಜ ಬೆರಕೆಯಾಗುವದು. ನಡುವೆ 400 ಮೀಟರು ಅಂತರವಿದ್ದರೆ ಒಳ್ಳೆಯದು. ಸಂಕರಣ ತಳಿಯ ಕಾಯಿಯಿಂದ ಬೀಜ ಹಿಡಿಯಬೇಡಿರಿ, ಮುಂದಿನ ವರುಷ ಅದು ತಾಯಿಯಂತೆ ಬಾರದು.

ಕಾಯಿ ಗಿಡದಲ್ಲಿರುವಾಗಲೇ ಹೊಲದಲ್ಲಿ ಅಡ್ಡಾಡಿರಿ. ಎಲೆ ಮುದುಡದ, ಗಟ್ಟಿಮುಟ್ಟಾದ, ತಳಿಗೆ ತಕ್ಕ ಕಾಯಿಯ ಗಿಡಗಳಿಗೆ ಬಣ್ಣದ ದಾರ ಕಟ್ಟಿರಿ. ಪೂರ್ತಿ ಹಣ್ಣಾದ ಕಾಯಿ ಮಾತ್ರ ಬೇರೆ ಬುಟ್ಟಿಗೆ ಹರಿಯಿರಿ. ಕಪ್ಪು ಕಲೆ ಇದ್ದ ಕಾಯಿ ಬೀಜಕ್ಕೆ ಬೇಡ. ಕೊಳೆ ರೋಗ ಬೀಜದಲ್ಲೇ ಕೂತು ಬರುವದು. ನೆರಳಲ್ಲಿ ಒಣಗಿಸಿ, ಬಿಗಿಯಾದ ಡಬ್ಬಿಯಲ್ಲಿ ತುಂಬಿ, ತಳಿಯ ಹೆಸರು, ವರುಷ ಬರೆದಿಡಿರಿ. ಸಸಿಮಡಿ ಮಾಡಿ ನಾಟಿ ಮಾಡುವವರಿಗೆ ಎಕರೆಗೆ ಸುಮಾರು ಅರ್ಧ ಕಿಲೋ ಬೀಜ ಸಾಕು.

ಮಾರುವ ಮಾಲಿನ ಬಗ್ಗೆಯೂ ಒಂದು ಮಾತು. ನೆಲದ ಮೇಲೆ ಬೇಡ, ತಾಡಪತ್ರಿ ಹಾಸಿ ಒಣಗಿಸಿರಿ. ರಾತ್ರಿ ಇಬ್ಬನಿಗೆ ಮುಚ್ಚಿರಿ. ತೂಕಕ್ಕೆಂದು ನೀರು ಚಿಮುಕಿಸುವವರ ಮಾತು ಕೇಳಬೇಡಿರಿ. ಹಸಿ ಉಳಿದ ಕಾಯಿಗೆ ಬೂಜು ಹಿಡಿದು ವಿಷವಾಗುವದು, ಬಣ್ಣವೂ ಹೋಗುವದು. ಬಿಳಿಗಾಯಿ, ಮುರುಕು ಬೇರೆ ಮಾಡಿ, ಡಬ್ಬಿ, ಕಡ್ಡಿ ಬೆರೆಸದೆ ಚೀಲ ತುಂಬಿರಿ. ಧಾರಣಿ ಬಿದ್ದ ದಿನ ಎಲ್ಲವನ್ನೂ ಮಾರದೆ ಕೈಯಲ್ಲಾದಷ್ಟು ಶೀತಲಗೃಹದಲ್ಲಿ ಇಡಬಹುದು. ತಂಪಿನಲ್ಲಿ ಬಣ್ಣ ನಿಲ್ಲುವದು. ಆದರೆ ಬಾಡಿಗೆಯ ಲೆಕ್ಕ ಹಾಕಿಯೇ ಇಡಿರಿ.

ತಾಯಂದಿರೇ, ಬೀಜದ ಗಡಿಗೆ ಹಿಂದಿನಿಂದಲೂ ನಿಮ್ಮ ಕೈಯಲ್ಲೇ ಇತ್ತು. ಯಾವ ಕಾಯಿ ಬೀಜಕ್ಕೆ, ಯಾವುದು ಒರಳಿಗೆ ಎಂಬುದು ನಿಮಗೆ ಗೊತ್ತು. ಮನೆಯ ಗಂಡಸರು ಬೀಜ ಕೊಳ್ಳಲು ಹೊರಡುವ ಮೊದಲು ನಿಮ್ಮನ್ನು ಕೇಳಲಿ. ರೋಗ, ಹುಳುವಿನ ಪ್ರಶ್ನೆಗಳಿಗೆ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಗಿಡದ ಟೊಂಗೆ ಹಿಡಿದುಕೊಂಡೇ ಹೋಗಿರಿ. ಬಾಯಲ್ಲಿ ಹೇಳುವದಕ್ಕಿಂತ ಕಣ್ಣಿಗೆ ತೋರಿಸುವದು ಲೇಸು. ಈ ಸುಗ್ಗಿಗೆ ದಾರ ಕಟ್ಟಲು ಮರೆಯಬೇಡಿರಿ.