ಬೆಳಕಿನ ಋಣ



ವಿದ್ಯುಚ್ಛಕ್ತಿಯನ್ನು ಕುರಿತು ವಿಚಾರಮಾಡತಕ್ಕವರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ: ಅದು ಎಷ್ಟು ದೊರೆಯುತ್ತದೆ? ಯಾವ ಬೆಲೆಗೆ ದೊರೆಯುತ್ತದೆ? ಈಚಿನ ದಿವಸಗಳಲ್ಲಿ ಇವುಗಳ ಜೊತೆಗೆ ಮೂರನೆಯದೊಂದು ಸೇರಿದೆ: ಅದು ಹೊಗೆಯಿಲ್ಲದ, ಶುದ್ಧವಾದ ಶಕ್ತಿಯೇ? ಕಲ್ಲಿದ್ದಲಿನ ಹೊಗೆಯಿಂದ ಭೂಮಿಯ ಹವೆಯೇ ಕಾಯುತ್ತಿರುವ ಈ ಕಾಲದಲ್ಲಿ ಆ ಪ್ರಶ್ನೆ ಅತ್ಯಂತ ಯುಕ್ತವಾದುದು. ಆದರೆ ನಾಲ್ಕನೆಯದೊಂದು ಪ್ರಶ್ನೆಯೂ ಉಂಟು. ಆ ಶಕ್ತಿ ಹುಟ್ಟುವ ಸ್ಥಳದಲ್ಲಿ ಬಾಳುವ ಜನರಿಗೆ ಅದರಿಂದ ಬಂದುದೇನು, ಹೋದುದೇನು? ನಗರವಾಸಿಗಳಾದ ನಾವು ಈ ಪ್ರಶ್ನೆಯನ್ನು ಕೇಳಿಕೊಳ್ಳುವುದು ಅಪರೂಪ. ಈ ಹೊತ್ತು ಅದನ್ನೇ ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನಮ್ಮ ಉದ್ದೇಶ.

ಈ ವಿಷಯದಲ್ಲಿ ಕನ್ನಡನಾಡಿಗೆ ದೀರ್ಘವಾದ ಅನುಭವವಿದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆರಂಭವಾದ ಶಿವನಸಮುದ್ರದ ಕಾರ್ಯ ಕೈಗೂಡಿದಾಗ ಅವರು ಬದುಕಿರಲಿಲ್ಲ. ೧೯೦೨ರ ಜೂನ್ ತಿಂಗಳಲ್ಲಿ ಕಾವೇರಿಯ ಜಲಪಾತದಿಂದ ಹೊರಟ ಶಕ್ತಿಯು ೯೨ ಮೈಲಿಗಳ ತಂತಿಯ ದಾರಿಯನ್ನು ಕ್ರಮಿಸಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಇಂಡಿಯಾ ದೇಶದಲ್ಲಿ ಅಷ್ಟು ದೂರದ ವಿದ್ಯುತ್ ಮಾರ್ಗ ಅದಕ್ಕೆ ಮುಂಚೆ ಇರಲಿಲ್ಲ. ಮೂರು ವರ್ಷಗಳನಂತರ, ೧೯೦೫ರಲ್ಲಿ, ಬೆಂಗಳೂರು ನಗರದಲ್ಲಿ ವಿದ್ಯುದ್ದೀಪಗಳು ಬೆಳಗಿದುವು. ಅದು ನಿಶ್ಚಯವಾಗಿಯೂ ಹೆಮ್ಮೆಪಡತಕ್ಕ ಸಾಧನೆ. ಆದರೆ ಆ ಕ್ರಮವನ್ನು ಸ್ವಲ್ಪ ಗಮನಿಸೋಣ. ಮೊದಲು ಗಣಿ, ಆಮೇಲೆ ನಗರ, ಬಹುಕಾಲದ ಮೇಲೆ ಹಳ್ಳಿ. ತಂತಿ ತಲೆಯ ಮೇಲೆ ಹಾದುಹೋಗುತ್ತಿದ್ದ ಗ್ರಾಮಗಳಲ್ಲಿ ಎಣ್ಣೆಯ ದೀಪವೇ ಉರಿಯುತ್ತಿತ್ತು.

ಶಿವನಸಮುದ್ರದಲ್ಲಿ ನೀರಿನ ಸಹಜವಾದ ಇಳಿತವನ್ನೇ ಬಳಸಿಕೊಂಡುದರಿಂದ ಮುಳುಗಿದ ಊರುಗಳ ಪ್ರಶ್ನೆ ದೊಡ್ಡದಾಗಿ ಏಳಲಿಲ್ಲ. ಶರಾವತಿಯಲ್ಲಿ ಹಾಗಾಗಲಿಲ್ಲ. ೧೯೪೮ರಲ್ಲಿ ಜೋಗದ ಬಳಿ ಮೊದಲ ಉತ್ಪಾದನಾಗಾರ ಕೆಲಸಮಾಡಲಾರಂಭಿಸಿತು. ೧೯೬೪ರ ಹೊತ್ತಿಗೆ ಲಿಂಗನಮಕ್ಕಿಯ ಅಣೆಕಟ್ಟು ಎದ್ದು, ಅಡಕೆಯ ತೋಟಗಳೂ ಗದ್ದೆಗಳೂ ಮನೆಗಳೂ ದೇವಸ್ಥಾನಗಳೂ ನೀರಿನಡಿಗೆ ಸಂದುವು. ಆ ಪ್ರಾಂತದಲ್ಲಿ ಈಗಲೂ ‘ಮುಳುಗಡೆಯವರು’ ಎಂದರೆ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಬದಲಿಗೆ ಅವರಿಗೆ ತೋರಿಸಿದ ನೆಲದಲ್ಲಿ ಬಹಳಷ್ಟು ಅರಣ್ಯಭೂಮಿಯಾಗಿದ್ದುದರಿಂದ, ಎರಡು ತಲೆಮಾರು ಕಳೆದರೂ ಹಕ್ಕುಪತ್ರದ ವಿವಾದ ತೀರಲಿಲ್ಲ. ಸಾಗರ ತಾಲ್ಲೂಕಿನ ಕರೂರು, ಬಾರಂಗಿ ಹೋಬಳಿಗಳ ಜನರಿಗೆ ಹಿನ್ನೀರು ಅಡ್ಡವಾಯಿತು. ರೋಗಿಯಾಗಲಿ, ಬಾಣಂತಿಯಾಗಲಿ, ಶಾಲೆಯ ಹುಡುಗನಾಗಲಿ ತಾಲ್ಲೂಕಿನ ಪಟ್ಟಣಕ್ಕೆ ಬರಬೇಕಾದರೆ ಲಾಂಚಿಗಾಗಿ ದಡದಲ್ಲಿ ಕಾಯಬೇಕಾಗಿತ್ತು, ಇಲ್ಲವೇ ಬಹುದೂರದ ದಾರಿಯನ್ನು ಬಳಸಬೇಕಾಗಿತ್ತು. ಅಂಬಾರಗೋಡ್ಲು, ಕಳಸವಳ್ಳಿಗಳ ನಡುವೆ ಸೇತುವೆ ತೆರೆದುದು ೨೦೨೫ರ ಜುಲೈ ತಿಂಗಳಲ್ಲಿ. ನಾಡಿಗೆಲ್ಲಾ ಬೆಳಕು ಕೊಟ್ಟ ನೀರನ್ನು ದಾಟಲು ಅಲ್ಲಿಯವರು ೬೧ ವರ್ಷ ಕಾದರು. ನೀರಿನಿಂದ ಹುಟ್ಟುವ ಶಕ್ತಿಗೆ ಹೊಗೆಯಿಲ್ಲವೆಂಬುದು ನಿಜವೇ. ಅಷ್ಟರಿಂದಲೇ ಅದು ನ್ಯಾಯವಾದುದಾಗಲಿಲ್ಲ.

ಈಗ ಸೂರ್ಯನ ಸರದಿ ಬಂದಿದೆ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕು ಮಳೆಯ ನಕಾಶೆಯಲ್ಲಿ ಬಡವಾದ ಪ್ರದೇಶ. ಬರಪೀಡಿತ ತಾಲ್ಲೂಕುಗಳ ಪಟ್ಟಿಯಲ್ಲಿ ಅದರ ಹೆಸರು ತಪ್ಪಿದ ವರ್ಷಗಳೇ ಕಡಮೆ. ಕಡಲೆಕಾಯಿ ಬಿತ್ತಿ ಆಕಾಶ ನೋಡುವುದು ಅಲ್ಲಿಯ ರೈತನ ಬಾಳು. ಆ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಗ್ರಾಮಗಳ ಸುಮಾರು ೧೩,೦೦೦ ಎಕರೆ ಭೂಮಿಯಲ್ಲಿ, ೨೦೧೮ರಿಂದ ೨೦೧೯ರ ಕೊನೆಯೊಳಗಾಗಿ, ೨,೦೫೦ ಮೆಗಾವ್ಯಾಟ್ ಸಾಮರ್ಥ್ಯದ ಸೌರ ಕ್ಷೇತ್ರವೊಂದು ಸಿದ್ಧವಾಯಿತು. ಹೊಲವಿದ್ದೆಡೆಯಲ್ಲಿ ಈಗ ಕಣ್ಣು ಹಾಯುವಷ್ಟು ದೂರವೂ ನೀಲಿಯ ಗಾಜಿನ ಫಲಕಗಳು.

ಇಲ್ಲಿ ಒಂದು ಅಂಶವನ್ನು ಮೊದಲು ಮೆಚ್ಚಿ ಹೇಳಬೇಕು. ಶರಾವತಿಯಲ್ಲಿ ನಡೆದಂತೆ ಇಲ್ಲಿ ರೈತನ ನೆಲವನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು. ಭೂಮಿ ರೈತನ ಹೆಸರಿನಲ್ಲಿಯೇ ಉಳಿಯಿತು. ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ; ಎರಡು ವರ್ಷಗಳಿಗೊಮ್ಮೆ ನೂರಕ್ಕೆ ಐದರಂತೆ ಏರಿಕೆ; ೨೮ ವರ್ಷಗಳ ಕರಾರು. ಮಳೆಯ ಮುಖ ನೋಡದೆ ಕೈಗೆ ಬರುವ ಹಣ ಬರಗಾಲದ ಸೀಮೆಯಲ್ಲಿ ಸಣ್ಣ ಮಾತಲ್ಲ. ಸಾಲ ತೀರಿಸಿದವರೂ ಮನೆ ಕಟ್ಟಿಸಿದವರೂ ಆ ಊರುಗಳಲ್ಲಿದ್ದಾರೆ. ಹಿಂದಿನ ಕಾಲದ ಯೋಜನೆಗಳಿಗಿಂತ ಇದು ಒಂದು ಮೆಟ್ಟಿಲು ಮೇಲೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಈ ಲೆಕ್ಕವನ್ನು ಮನೆಮನೆಗೂ ಹಚ್ಚಿ ನೋಡೋಣ. ಐವತ್ತು ಎಕರೆಯ ಒಡೆಯನಿಗೆ ವರ್ಷಕ್ಕೆ ಹತ್ತೂವರೆ ಲಕ್ಷ ರೂಪಾಯಿ. ಎರಡು ಎಕರೆಯವನಿಗೆ ೪೨,೦೦೦, ಎಂದರೆ ತಿಂಗಳಿಗೆ ೩,೫೦೦. ಎಕರೆಯೇ ಇಲ್ಲದವನಿಗೆ ಸೊನ್ನೆ. ಮೇಲಾಗಿ ಎರಡು ವರ್ಷಕ್ಕೆ ನೂರಕ್ಕೆ ಐದೆಂದರೆ ವರ್ಷಕ್ಕೆ ಎರಡೂವರೆ. ಅಕ್ಕಿ, ಬೇಳೆ, ಎಣ್ಣೆಗಳ ಬೆಲೆ ಅದಕ್ಕಿಂತ ವೇಗವಾಗಿ ಏರಿದಲ್ಲಿ, ಗುತ್ತಿಗೆಯ ಹಣ ಎಣಿಕೆಯಲ್ಲಿ ಹೆಚ್ಚಿದರೂ ಸಂತೆಯಲ್ಲಿ ಕಡಮೆಯಾಗುತ್ತ ಹೋಗುತ್ತದೆ.

ಎಕರೆಯಿಲ್ಲದವರು ಯಾರು? ಪರರ ಹೊಲದಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದ ಹೆಂಗಸರು. ಕೊಯ್ಲಾದ ಹೊಲಗಳಲ್ಲಿ ಕುರಿ ಮೇಯಿಸುತ್ತಿದ್ದವರು. ಸರಕಾರಿ ನೆಲವನ್ನು ಹಕ್ಕುಪತ್ರವಿಲ್ಲದೆ ಬಹುಕಾಲದಿಂದ ಉತ್ತುಬರುತ್ತಿದ್ದವರು. ಗುತ್ತಿಗೆಯ ಕರಾರು ಪಹಣಿಯಲ್ಲಿ ಹೆಸರಿದ್ದವನನ್ನು ಗುರುತಿಸುತ್ತದೆ. ಇವರ ಹೆಸರು ಪಹಣಿಯಲ್ಲಿಲ್ಲ. ಹೊಲದ ಒಡೆಯನಿಗೆ ಭೂಮಿಯ ಬದಲಿಗೆ ಬಾಡಿಗೆ ಬಂತು. ಕೂಲಿಯವಳಿಗೆ ಕೂಲಿಯ ಬದಲಿಗೆ ಬಂದುದೇನು? ಫಲಕಗಳನ್ನು ನಿಲ್ಲಿಸುವಾಗ ಕೆಲವು ತಿಂಗಳು ಕೆಲಸವಿತ್ತು. ನಿಂತಮೇಲೆ ಹುಲ್ಲು ಕತ್ತರಿಸುವುದು, ಫಲಕ ತೊಳೆಯುವುದು, ಕಾವಲು ಕಾಯುವುದು, ಇಷ್ಟೇ. ಸೂರ್ಯನ ಬಿಸಿಲು ಶಕ್ತಿಯಾಗುವುದಕ್ಕೆ ಹೆಚ್ಚು ಕೈಗಳು ಬೇಡ. ಕಡಲೆಕಾಯಿ ಬೆಳೆಯುವುದಕ್ಕೆ ಬಹಳ ಕೈಗಳು ಬೇಕಾಗಿದ್ದುವು. ಯಾರೂ ದುರುದ್ದೇಶದಿಂದ ಮಾಡಿದ ಅನ್ಯಾಯ ಇದಲ್ಲ. ಆದರೆ ಹೊಲವನ್ನು ಆಸ್ತಿಯೆಂದು ಮಾತ್ರ ಎಣಿಸಿ, ಹಲವರ ಅನ್ನದ ದಾರಿಯೆಂದು ಎಣಿಸದಿದ್ದರೆ ಇಂಥ ಫಲವೇ ಬರುತ್ತದೆ.

ಇದಿಷ್ಟು ಹೊಸ ಶಕ್ತಿ ಬರುವ ಕಡೆಯ ಮಾತು. ಹಳೆಯದು ಹೋಗುವ ಕಡೆಯನ್ನೂ ನೋಡಬೇಕು. ರಾಯಚೂರಿನ ಶಕ್ತಿನಗರದಲ್ಲಿ, ಕೃಷ್ಣಾನದಿಯ ಬದಿಯಲ್ಲಿ, ೧೯೮೫ರಲ್ಲಿ ಕಲ್ಲಿದ್ದಲಿನ ಉತ್ಪಾದನಾಗಾರ ಆರಂಭವಾಗಿ, ಕ್ರಮೇಣ ಎಂಟು ಘಟಕಗಳೂ ೧,೭೨೦ ಮೆಗಾವ್ಯಾಟ್ ಸಾಮರ್ಥ್ಯವೂ ಉಳ್ಳದ್ದಾಗಿ ಬೆಳೆಯಿತು. ನಗರದ ದೀಪಕ್ಕಾಗಿ ಸುತ್ತಲ ಹಳ್ಳಿಗಳವರು ಬೂದಿಯ ಧೂಳನ್ನು ಸಹಿಸಿದರು. ಆ ಕಾರ್ಖಾನೆಯನ್ನೇ ನೆಚ್ಚಿಕೊಂಡು ಖಾಯಂ ನೌಕರರಲ್ಲದೆ ಗುತ್ತಿಗೆಯ ಕಾರ್ಮಿಕರು, ಬೂದಿ ಸಾಗಿಸುವ ಲಾರಿಯವರು, ಹೋಟೆಲು ಅಂಗಡಿಗಳವರು ಬದುಕುತ್ತಿದ್ದಾರೆ. ಕಲ್ಲಿದ್ದಲಿನ ಕಾಲ ಎಂದಾದರೂ ಮುಗಿಯತಕ್ಕದ್ದೇ, ಮುಗಿಯಬೇಕಾದುದೂ ಹೌದು. ಆ ದಿನ ಖಾಯಂ ನೌಕರನಿಗೆ ನಿವೃತ್ತಿಯ ವೇತನವೋ ಬೇರೆ ಕಡೆ ವರ್ಗವೋ ದೊರೆತೀತು. ಮಿಕ್ಕವರ ಗತಿಯೇನೆಂಬುದನ್ನು ಇಂದೇ ಯೋಚಿಸಬೇಕು.

ಯೋಚಿಸದಿದ್ದರೆ ಏನಾಗುತ್ತದೆಂಬುದಕ್ಕೆ ದೂರದ ದೃಷ್ಟಾಂತ ಬೇಡ. ಕಾವೇರಿಯ ಶಕ್ತಿಯನ್ನು ಮೊಟ್ಟಮೊದಲು ಪಡೆದ ಕೋಲಾರದ ಚಿನ್ನದ ಗಣಿಯೇ ೨೦೦೧ರ ಫೆಬ್ರವರಿ ೨೮ರಂದು ಮುಚ್ಚಿತು. ಗಣಿಯ ಆಯುಷ್ಯ ತೀರುತ್ತ ಬಂದುದು ಎಷ್ಟೋ ವರ್ಷಗಳಿಂದ ಎಲ್ಲರಿಗೂ ಗೊತ್ತಿತ್ತು. ಗಣಿಯ ನಂತರದ ಊರನ್ನು ಸಿದ್ಧಪಡಿಸುವ ಕೆಲಸ ಮಾತ್ರ ನಡೆಯಲಿಲ್ಲ. ಸಾವಿರಾರು ಅಡಿಗಳ ಆಳಕ್ಕಿಳಿದು ದುಡಿದವರ ಮಕ್ಕಳು ಬೆಳಗಾಗುವ ಮುನ್ನ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಬಂದು, ಕತ್ತಲಾದಮೇಲೆ ಮನೆ ಸೇರುವಂತಾಯಿತು. ಕೋಲಾರದ ಈ ಪಾಠ ಶಕ್ತಿನಗರಕ್ಕೆ ಉಪಯೋಗವಾಗದಿದ್ದರೆ ನಾವು ಏನು ಕಲಿತಂತಾಯಿತು?

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಯೋಜನೆ ಬರುವ ಊರಿನಲ್ಲಿ ಪಹಣಿಯ ಲೆಕ್ಕದೊಡನೆ ಬದುಕಿನ ಲೆಕ್ಕವೂ ಆಗಬೇಕು. ಯಾರು ಎಷ್ಟು ದಿನ ಕೂಲಿ ಮಾಡುತ್ತಿದ್ದರು, ಯಾರ ಕುರಿ ಎಲ್ಲಿ ಮೇಯುತ್ತಿದ್ದುವು ಎಂಬುದನ್ನು ಬರೆದಿಡಬೇಕು. ಒಪ್ಪಿಗೆ ಕೇಳುವ ಸಭೆಯಲ್ಲಿ ಭೂಮಿಯಿಲ್ಲದವರಿಗೂ ಬಾಯಿ ಇರಬೇಕು. ಎರಡನೆಯದಾಗಿ, ಕಾವಲಿನ ಕೆಲಸವೊಂದಕ್ಕೇ ಅಲ್ಲ, ಯಂತ್ರಗಳ ಕೆಲಸಕ್ಕೂ ಆ ಊರಿನ ಹುಡುಗ ಹುಡುಗಿಯರನ್ನು ಮೊದಲೇ ತರಬೇತುಮಾಡಬೇಕು. ಮೂರನೆಯದಾಗಿ, ೨೮ ವರ್ಷ ಕಳೆದಮೇಲೆ ಫಲಕಗಳನ್ನು ಯಾರು ತೆಗೆಯುತ್ತಾರೆ, ಹೊಲವನ್ನು ಮತ್ತೆ ಹೊಲವಾಗಿ ಮಾಡಿ ಯಾರು ಒಪ್ಪಿಸುತ್ತಾರೆ ಎಂಬುದು ರೈತನಿಗೆ ಇಂದೇ ಸ್ಪಷ್ಟವಾಗಿ ತಿಳಿದಿರಬೇಕು. ನಾಲ್ಕನೆಯದಾಗಿ, ಉತ್ಪತ್ತಿಯಾದ ಪ್ರತಿಯೊಂದು ಯೂನಿಟ್ಟಿನಿಂದಲೂ ಒಂದು ಸಣ್ಣ ಪಾಲು ಆ ಗ್ರಾಮಗಳಿಗೆ ಸಲ್ಲಬೇಕು.

ಇದಕ್ಕೆ ಹಣವೆಲ್ಲಿಂದ ಬರಬೇಕೆಂದು ಕೇಳುವವರುಂಟು. ಶುದ್ಧ ಶಕ್ತಿಯ ಮೇಲೆ ಭಾರ ಹೇರಿದರೆ ಅದರ ನಡಿಗೆ ನಿಧಾನವಾದೀತೆಂಬ ಆತಂಕವೂ ಉಂಟು. ಲೆಕ್ಕ ಹಾಕಿ ನೋಡೋಣ. ಒಂದು ಮೆಗಾವ್ಯಾಟ್ ಸೌರ ಫಲಕಗಳಿಂದ ವರ್ಷಕ್ಕೆ ೧೫ ಲಕ್ಷ ಯೂನಿಟ್ಟುಗಳೆಂದು ಕಡಮೆಯಾಗಿಯೇ ಎಣಿಸಿದರೂ, ಪಾವಗಡದಷ್ಟು ದೊಡ್ಡ ಕ್ಷೇತ್ರದಿಂದ ೩೦೦ ಕೋಟಿ ಯೂನಿಟ್ಟುಗಳಿಗೂ ಹೆಚ್ಚು ದೊರೆಯಬೇಕು. ಯೂನಿಟ್ಟಿಗೆ ಒಂದೇ ಒಂದು ಪೈಸೆಯನ್ನು ತೆಗೆದಿಟ್ಟರೆ ವರ್ಷಕ್ಕೆ ಮೂರು ಕೋಟಿ ರೂಪಾಯಿಗೂ ಮೇಲಾಗುತ್ತದೆ. ಐದು ಗ್ರಾಮಗಳ ಕೂಲಿಯವರ ಕಸಬಿಗೆ, ಕುರಿಗಳ ಮೇವಿಗೆ, ಮಕ್ಕಳ ವಿದ್ಯೆಗೆ ಅದು ಅಲ್ಪವಲ್ಲ. ತಿಂಗಳಿಗೆ ನೂರು ಯೂನಿಟ್ಟು ಉರಿಸುವ ನಗರದ ಸಂಸಾರಕ್ಕೆ ಇದರಿಂದ ಬೀಳುವ ಹೊರೆ ಒಂದು ರೂಪಾಯಿ. ಈ ಒಂದು ರೂಪಾಯಿಗೆ ಶುದ್ಧ ಶಕ್ತಿಯ ನಡಿಗೆ ನಿಲ್ಲಲಾರದು. ಮುಂದಿನ ಯೋಜನೆ ಬರುವ ಊರಿನವರು ಹಿಂದಿನ ಊರಿನವರ ಪಾಡನ್ನು ಕೇಳಿ ತಿಳಿದು ಅಡ್ಡ ನಿಂತರೆ ಮಾತ್ರ ನಿಲ್ಲಬಹುದು.

ಶ್ರೋತೃಗಳೆ, ಇದನ್ನು ದಾನವೆಂದು ಎಣಿಸತಕ್ಕದ್ದಲ್ಲ. ಅಂಗಡಿಯಲ್ಲಿ ತಂದ ಸಾಮಾನಿಗೆ ಪೂರಾ ಬೆಲೆ ಕೊಡದೆ ಬಂದರೆ ಉಳಿದುದು ಸಾಲವಾಗುತ್ತದೆ. ಶರಾವತಿಯ ದಡದಲ್ಲಿ ಅಂಥ ಸಾಲವನ್ನು ೬೧ ವರ್ಷ ಬೆಳೆಯಗೊಟ್ಟೆವು. ಪಾವಗಡದ ಕರಾರಿನಲ್ಲಿ ಇನ್ನೂ ಎಷ್ಟೋ ವರ್ಷಗಳು ಉಳಿದಿವೆ. ಶಕ್ತಿನಗರದಲ್ಲಿ ಒಲೆಗಳು ಇನ್ನೂ ಆರಿಲ್ಲ. ಕೊಡಬೇಕಾದುದನ್ನು ಕೊಡುವುದಕ್ಕೆ ಕಾಲ ಮೀರಿಲ್ಲ. ಮುಂದಿನ ತಿಂಗಳ ವಿದ್ಯುತ್ತಿನ ಬಿಲ್ಲು ಕೈಗೆ ಬಂದಾಗ, ಅದರಲ್ಲಿ ಕಾಣದ ಈ ಬಾಕಿಯನ್ನೂ ತಾವು ಒಂದು ಕ್ಷಣ ನೆನೆದು, ಅದನ್ನು ಕುರಿತು ನಾಲ್ಕು ಜನರೊಡನೆ ಮಾತನಾಡಿದರೆ ಈ ಭಾಷಣ ಸಾರ್ಥಕವಾಯಿತೆಂದು ನಾವು ತಿಳಿಯುತ್ತೇವೆ.