ಎದೆಗಿಳಿದ ಧೂಳು
(ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸು, ಬಾಡಿಗೆ, ಅಕ್ಕಿಯ ಬೆಲೆ, ಇವುಗಳ ಬಗ್ಗೆ ನಾವು ಇಲ್ಲಿ ಹಲವು ಸಲ ಮಾತಾಡಿದ್ದೇವೆ. ಉಸಿರಿನ ಬಗ್ಗೆ ಮಾತ್ರ ಆಡಿಲ್ಲ. ಈಚೆಗೆ ನಮ್ಮವರಲ್ಲಿ ಕೆಲವರ ಕೈಗೆ ಆಸ್ಪತ್ರೆಯಿಂದ ಒಂದು ಚೀಟಿ ಬಂದಿದೆ. ಅದರಲ್ಲಿ ‘ಸಿಓಪಿಡಿ’ ಎಂದೋ ‘ಬಿಸ್ಸಿನೋಸಿಸ್’ ಎಂದೋ ಬರೆದಿರುತ್ತದೆ. ಇದು ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ ಎಂದು ಡಾಕ್ಟರು ಹೇಳಿರುತ್ತಾರೆ. ಹೊರಗೆ ಇನ್ನೂ ಐವತ್ತು ಜನ ಸಾಲಿನಲ್ಲಿ ನಿಂತಿರುವಾಗ ಅದಕ್ಕಿಂತ ಹೆಚ್ಚು ಬಿಡಿಸಿ ಹೇಳಲು ಅವರಿಗೂ ಪುರಸೊತ್ತಿಲ್ಲ. ಚೀಟಿ ಪಡೆದವನು ಮನೆಗೆ ಬಂದು ಅದನ್ನು ಟ್ರಂಕಿನ ತಳದಲ್ಲಿ ಇಟ್ಟುಬಿಡುತ್ತಾನೆ. ಹೆಂಡತಿಗೆ ಹೇಳಿದರೆ ಅಳುತ್ತಾಳೆ, ಮೇಸ್ತ್ರಿಗೆ ತಿಳಿದರೆ ಕೆಲಸ ಹೋಗುತ್ತದೆ, ಬೀಗರಿಗೆ ತಿಳಿದರೆ ಮಗಳ ಮದುವೆ ನಿಲ್ಲುತ್ತದೆ ಎಂಬ ಭಯ. ಈ ಬಾಯಿಮುಚ್ಚುವಿಕೆಯನ್ನು ಕುರಿತೇ ನಾನು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ಡಾಕ್ಟರನಲ್ಲ. ಪಾಠವನ್ನು ಬಿಡಿಸಿ ಹೇಳುವುದು ನನ್ನ ಹಳೆಯ ಕಸುಬು. ಅಷ್ಟನ್ನೇ ಮಾಡುತ್ತೇನೆ.

ಮೊದಲು ಕಾಯಿಲೆ ಯಾವುದು ಎಂಬುದನ್ನು ತಿಳಿಯೋಣ. ನಮ್ಮ ಶ್ವಾಸನಾಳ ಎದೆಯೊಳಗೆ ಮರದ ಕೊಂಬೆಯಂತೆ ಕವಲೊಡೆದು, ಕೊನೆಗೆ ಕೂದಲಿನಷ್ಟು ಸಣ್ಣದಾಗುತ್ತದೆ. ಹೊಗೆಯೋ ಧೂಳೋ ವರ್ಷಗಟ್ಟಲೆ ಅದರೊಳಗೆ ಹೋದರೆ ಒಳಗೋಡೆ ಊದಿಕೊಂಡು ದಾರಿ ಕಿರಿದಾಗುತ್ತದೆ. ಗಾಳಿ ಒಳಕ್ಕೆ ಹೋಗುತ್ತದೆ, ಆದರೆ ಪೂರ್ತಿ ಹೊರಗೆ ಬರಲಾರದು. ಸಿಓಪಿಡಿ ಎಂದರೆ ಇದೇ. ಬೀಡಿ ಸಿಗರೇಟು ಇದಕ್ಕೆ ದೊಡ್ಡ ಕಾರಣ, ಆದರೆ ಅದೊಂದೇ ಅಲ್ಲ. ಸೌದೆ ಒಲೆಯ ಮುಂದೆ ಮೂವತ್ತು ವರ್ಷ ಊದಿದ ತಾಯಿಗೂ, ಮಂಡಕ್ಕಿ ಭಟ್ಟಿಯ ಹೊಗೆ ಕುಡಿದವನಿಗೂ, ಒಂದು ಬೀಡಿ ಸೇದದೆಯೂ ಇದು ಬರುತ್ತದೆ. ಆದುದರಿಂದ ‘ಅವನ ಚಟಕ್ಕೆ ಅವನು ಅನುಭವಿಸುತ್ತಾನೆ’ ಎಂದು ಯಾರೂ ಹಗುರವಾಗಿ ಆಡಕೂಡದು.

ಬಿಸ್ಸಿನೋಸಿಸ್ ಎಂಬುದು ಹತ್ತಿಯ ಧೂಳಿನದು. ಇದು ಹೊಸ ಕಾಯಿಲೆಯಲ್ಲ. ಇಟಲಿಯ ರಾಮಾಜಿನಿ ಎಂಬ ವೈದ್ಯ 1700ರಲ್ಲೇ, ನಾರು ಹಿಕ್ಕುವವರ ಕೆಮ್ಮು ಉಬ್ಬಸಗಳ ವಿಷಯ ಬರೆದಿಟ್ಟಿದ್ದಾನೆ. ಮಿಲ್ಲಿನಲ್ಲಿ ಬೇಲು ಒಡೆಯುವ ಬ್ಲೋ ರೂಮು ಮತ್ತು ಕಾರ್ಡಿಂಗ್ ಖಾತೆಗಳಲ್ಲಿ ಧೂಳು ಹೆಚ್ಚು. ಜಿನ್ನಿಂಗಿನಲ್ಲೂ ಹಾಸಿಗೆಯಂಗಡಿಯಲ್ಲೂ ಅದೇ ಹತ್ತಿ, ಅದೇ ಧೂಳು. ಇದರ ಗುರುತು ವಿಚಿತ್ರವಾದುದು. ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನವೇ ಎದೆ ಬಿಗಿಯುತ್ತದೆ, ಮಾರನೆಯ ದಿನ ಸಡಿಲವಾಗುತ್ತದೆ. ‘ರಜೆಯಲ್ಲಿ ಕುಡಿದು ಬಂದಿದ್ದಾನೆ’ ಎಂದು ಮೇಸ್ತ್ರಿ ನಗುತ್ತಾನೆ. ಕುಡಿತವಲ್ಲ, ರೋಗದ ಮೊದಲ ಮೆಟ್ಟಿಲು ಅದು. ಈ ಮೆಟ್ಟಿಲಲ್ಲೇ ಧೂಳಿನಿಂದ ಹೊರಗೆ ಬಂದರೆ ಎದೆ ಸುಧಾರಿಸಿಕೊಳ್ಳಬಹುದು. ಹಲವು ವರ್ಷ ಕಳೆದು ಬಿಗಿತ ವಾರವೆಲ್ಲ ನಿಂತರೆ ಆದ ಹಾನಿ ಹಿಂದಕ್ಕೆ ಹೋಗುವುದಿಲ್ಲ. ದಾವಣಗೆರೆಯಂತಹ ಊರುಗಳಲ್ಲಿ ಹಳೆಯ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಅಲ್ಲಿ ದುಡಿದವರ ಎದೆಯೊಳಗಿನ ಲೆಕ್ಕ ಮಾತ್ರ ಮುಚ್ಚಿಲ್ಲ.

ಇನ್ನು ಚೀಟಿ ಬಂದವನು ಮಾಡಬೇಕಾದುದೇನು? ಮೊದಲನೆಯದಾಗಿ, ಪರೀಕ್ಷೆ ಸರಿಯಾಗಿ ಆಗಿದೆಯೇ ನೋಡಿಕೊಳ್ಳಿ. ಕೆಮ್ಮು ಎಂದ ಕೂಡಲೆ ಕ್ಷಯ ಎಂದು ಹೆದರುವುದು ನಮ್ಮ ವಾಡಿಕೆ. ಕಫದ ಪರೀಕ್ಷೆ ಮಾಡಿಸಿ ಆ ಸಂಶಯವನ್ನು ಕಳೆದುಕೊಳ್ಳಲೇಬೇಕು. ಆದರೆ ಬಿಸ್ಸಿನೋಸಿಸ್ ಎಕ್ಸ್‌ರೇಯಲ್ಲಿ ಕಾಣದೆ ಹೋಗಬಹುದು. ಫಿಲ್ಮು ಚೆನ್ನಾಗಿದೆ ಎಂದರೆ ಎದೆ ಚೆನ್ನಾಗಿದೆ ಎಂದಲ್ಲ. ಕೊಳವೆಯೊಳಗೆ ಜೋರಾಗಿ ಊದಿಸಿ ಗಾಳಿಯನ್ನು ಅಳೆಯುವ ಸ್ಪೈರೋಮೆಟ್ರಿ ಎಂಬ ಪರೀಕ್ಷೆ ಉಂಟು. ಅದನ್ನು ಕೇಳಿ ಮಾಡಿಸಿ. ಮಿಲ್ಲಿನವರು ರಜೆಯ ಮರುದಿನ ಪಾಳಿಗೆ ಮುಂಚೆ ಒಮ್ಮೆ, ಪಾಳಿ ಮುಗಿದ ಮೇಲೆ ಒಮ್ಮೆ ಊದಿದರೆ ಧೂಳು ಏನು ಮಾಡಿತೆಂಬುದು ಅಂಕಿಯಲ್ಲೇ ಕಾಣುತ್ತದೆ.

ಎರಡನೆಯದು, ಬೀಡಿ. ಬೀಡಿ ಬಿಟ್ಟರೆ ಹೋದ ಉಸಿರು ಪೂರ್ತಿ ಮರಳುವುದಿಲ್ಲ, ಆದರೆ ಇರುವುದು ಬೇಗ ಸೋರಿಹೋಗುವುದು ನಿಲ್ಲುತ್ತದೆ. ಔಷಧಿಗಳಿಗಿಂತ ಮೊದಲು ಹೇಳಬೇಕಾದ ಮಾತು ಇದು. ಒಲೆಯ ಹೊಗೆಯೂ ಅಷ್ಟೇ. ಗ್ಯಾಸು ದುಬಾರಿಯಾಗಿ ಸೌದೆಗೆ ಮರಳಿದ ಮನೆಗಳು ಕಡೆಯ ಪಕ್ಷ ಒಲೆಯನ್ನು ಬಯಲಿಗೆ ತರಲಿ.

ಮೂರನೆಯದು, ಇನ್‌ಹೇಲರು. ‘ಒಮ್ಮೆ ಹಿಡಿದರೆ ಬಿಡಲಾಗದು, ಅದು ಕೊನೆಯ ಮದ್ದು’ ಎಂಬ ಮಾತು ನಮ್ಮ ಕೇರಿಗಳಲ್ಲಿ ಹಬ್ಬಿದೆ. ಇದು ಸುಳ್ಳು. ಮದ್ದು ಹೊಟ್ಟೆಯನ್ನು ಸುತ್ತಿ ಬರುವ ಬದಲು ನೇರ ಶ್ವಾಸನಾಳಕ್ಕೆ ಹೋಗುತ್ತದೆ, ಆದ್ದರಿಂದ ಸ್ವಲ್ಪ ಪ್ರಮಾಣವೇ ಸಾಕು. ಆದರೆ ಬಳಸುವ ಕ್ರಮ ತಪ್ಪಿದರೆ ಮದ್ದೆಲ್ಲ ಗಂಟಲಿಗೆ ಅಂಟಿ ಹಣ ದಂಡ. ಒತ್ತುವ ಪಂಪಾದರೆ ಮೊದಲು ಉಸಿರು ಪೂರ್ತಿ ಬಿಡಿ, ಒತ್ತುತ್ತ ನಿಧಾನವಾಗಿ ಎಳೆಯಿರಿ, ಹತ್ತು ಎಣಿಸುವ ತನಕ ಹಿಡಿಯಿರಿ. ಸ್ಪೇಸರ್ ಎಂಬ ಬುರುಡೆ ಸಿಕ್ಕಿಸಿಕೊಂಡರೆ ಇನ್ನೂ ಸುಲಭ. ಪುಡಿಯ ಇನ್‌ಹೇಲರಿನ ಕ್ರಮ ಬೇರೆ, ಅದನ್ನು ಜೋರಾಗಿ ಎಳೆಯಬೇಕು. ಸ್ಟೆರಾಯಿಡ್ ಇರುವುದಾದರೆ ಆಮೇಲೆ ಬಾಯಿ ಮುಕ್ಕಳಿಸಿ. ಡಾಕ್ಟರ ಎದುರಿಗೇ ಒಮ್ಮೆ ಮಾಡಿ ತೋರಿಸಿ, ಸರಿಯೇ ಎಂದು ಕೇಳಿ. ಕೇಳುವುದರಲ್ಲಿ ನಾಚಿಕೆಯೇನು? ಬೆಲೆಯ ಚಿಂತೆಯಿದ್ದವರು ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ.

ನಾಲ್ಕನೆಯದು, ನಡಿಗೆ. ಉಬ್ಬಸ ಬರುತ್ತದೆಂದು ಕೂತವನ ಕಾಲು ಸೋಲುತ್ತದೆ, ಸೋತ ಕಾಲಿಗೆ ಇನ್ನೂ ಹೆಚ್ಚು ಉಸಿರು ಬೇಕಾಗುತ್ತದೆ. ಡಾಕ್ಟರನ್ನು ಕೇಳಿಕೊಂಡು ದಿನವೂ ನಡೆಯಿರಿ. ಇಂದು ಆ ಕಂಬದ ತನಕ, ಮುಂದಿನ ವಾರ ಅದರಾಚೆಯ ಕಂಬದ ತನಕ. ಏದುಸಿರು ಬಂದರೆ ಮೂಗಿನಿಂದ ಎರಡು ಎಣಿಸುವಷ್ಟು ಎಳೆದು, ಬಿಸಿ ಚಹಾ ಆರಿಸುವಂತೆ ತುಟಿ ಕೂಡಿಸಿ ನಾಲ್ಕು ಎಣಿಸುವಷ್ಟು ಬಿಡಿ. ಒಳಗೆ ಸಿಕ್ಕಿಕೊಂಡ ಗಾಳಿ ಹೊರಗೆ ಬರುತ್ತದೆ, ಗಾಬರಿಯೂ ಇಳಿಯುತ್ತದೆ. ಫ್ಲೂ ಜ್ವರದ ಲಸಿಕೆಯ ಬಗ್ಗೆ ಕೇಳಿ. ಕಫದ ಬಣ್ಣ ತಿರುಗಿ ಉಬ್ಬಸ ಏರಿದರೆ ಅಂದೇ ಆಸ್ಪತ್ರೆಗೆ ಹೋಗಿ. ತುಟಿ ನೀಲಿಯಾಗಿ ಮಾತು ತಡವರಿಸಿದರೆ ಒಂದು ಗಳಿಗೆಯೂ ತಡೆಯಬೇಡಿ.

ಇಷ್ಟೂ ರೋಗಿಯ ಪಾಲಿನ ಕೆಲಸವಾಯಿತು. ಇದೊಂದೇ ಸಾಲದು, ಸಂಗಾತಿಗಳೇ. ಇನ್‌ಹೇಲರು ಎಳೆದುಕೊಂಡು ಅದೇ ಕಾರ್ಡಿಂಗ್ ಖಾತೆಗೆ ಹೋದರೆ, ಸೋರುವ ಕೊಡಕ್ಕೆ ನೀರು ಸುರಿದಂತೆ. ಅದಕ್ಕೆ ನಾನು ಐದನೆಯದಾಗಿ ಹೇಳುವುದು: ಚೀಟಿಯಲ್ಲಿ ನಿಮ್ಮ ಕಸುಬು ಬರೆಸಿ. ಯಾವ ಖಾತೆ, ಎಷ್ಟು ವರ್ಷ, ಎಂಥ ಧೂಳು ಎಂಬುದನ್ನು ಡಾಕ್ಟರಿಗೆ ಹೇಳಿ, ಅದನ್ನು ಬರೆಯಿರೆಂದು ಕೇಳಿ. ಬಿಸ್ಸಿನೋಸಿಸ್ ಕಾನೂನು ಒಪ್ಪಿದ ಔದ್ಯೋಗಿಕ ರೋಗ. 1948ರ ಇಎಸ್‌ಐ ಕಾಯಿದೆಯ ಮೂರನೆಯ ಅನುಸೂಚಿಯಲ್ಲಿ ಅದರ ಹೆಸರಿತ್ತು, 2020ರ ಸಾಮಾಜಿಕ ಭದ್ರತಾ ಸಂಹಿತೆಯ ಅನುಸೂಚಿಯಲ್ಲೂ ಇದೆ. ವಿಮೆಗೆ ಒಳಪಟ್ಟ ಕಾರ್ಮಿಕನ ದುಡಿಯುವ ಶಕ್ತಿ ಎಷ್ಟು ಕುಂದಿದೆ ಎಂದು ವೈದ್ಯಕೀಯ ಮಂಡಳಿ ತೀರ್ಮಾನಿಸಿ, ಅದಕ್ಕೆ ತಕ್ಕ ಪರಿಹಾರ ಸಿಗುವ ದಾರಿಯಿದೆ. ಆದರೆ ಕಾಗದದಲ್ಲಿ ಬರೀ ‘ಕೆಮ್ಮು, ದಮ್ಮು’ ಎಂದಿದ್ದರೆ ಯಾವ ಮಂಡಳಿ ಏನು ಮಾಡೀತು? ಹಳೆಯ ಪಗಾರ ಚೀಟಿ, ಇಎಸ್‌ಐ ಕಾರ್ಡುಗಳನ್ನು ರದ್ದಿಗೆ ಹಾಕಬೇಡಿ. ಅಂಗಡಿಯ ಮಿತ್ರರಿಗೆ ಈ ಪರಿಹಾರದ ದಾರಿಯಿಲ್ಲ. ಅದಕ್ಕಾಗಿಯೇ ಅವರು ಹತ್ತಿ ಬಡಿಯುವಲ್ಲಿ, ಮೆಣಸಿನಕಾಯಿ ತೂರುವಲ್ಲಿ ಗಾಳಿಯ ದಾರಿಯನ್ನು ಈಗಲೇ ನೋಡಿಕೊಳ್ಳಬೇಕು.

ಧೂಳನ್ನು ಇಳಿಸಲಾದೀತೇ ಎಂದು ಕೇಳುವಿರಿ. ಅಮೆರಿಕದ ಕೆರೊಲಿನಾ ಸೀಮೆಯ ಗಿರಣಿಗಳಲ್ಲಿ ದುಡಿದು ಎದೆ ಕೆಟ್ಟ ಮುದುಕ ಮುದುಕಿಯರು 1975ರಲ್ಲಿ ಒಂದು ಸಂಘ ಕಟ್ಟಿದರು. ಮೆಟ್ಟಿಲು ಹತ್ತಲಾರದ ಜನ ಅಧಿಕಾರಿಗಳ ಮುಂದೆ ನಿಂತು ತಮ್ಮ ಉಸಿರಿನ ಕಥೆ ಹೇಳಿದರು. 1978ರಲ್ಲಿ ಅಲ್ಲಿನ ಸರ್ಕಾರ, ನೂಲು ತೆಗೆಯುವ ಖಾತೆಗಳಲ್ಲಿ ಒಂದು ಘನ ಮೀಟರು ಗಾಳಿಗೆ 200 ಮೈಕ್ರೋಗ್ರಾಮಿಗಿಂತ ಹೆಚ್ಚು ಹತ್ತಿ ಧೂಳು ಇರಕೂಡದೆಂದು ನಿಯಮ ಮಾಡಿತು. ಖರ್ಚಿಗೆ ತಕ್ಕ ಲಾಭವಿಲ್ಲವೆಂದು ಮಾಲಿಕರು ಸುಪ್ರೀಂ ಕೋರ್ಟಿಗೆ ಹೋದರು. 1981ರಲ್ಲಿ ಅವರು ಸೋತರು. ಕಾರ್ಮಿಕನ ಆರೋಗ್ಯವನ್ನು ಹಾಗೆ ತಕ್ಕಡಿಯಲ್ಲಿಡಲು ಕಾನೂನು ಹೇಳಿಲ್ಲ ಎಂದಿತು ಕೋರ್ಟು. ಆ ಮುದುಕರ ಎದೆ ವಾಸಿಯಾಗಲಿಲ್ಲ, ಅವರ ಹಿಂದೆ ಬಂದವರ ಎದೆ ಉಳಿಯಿತು.

ನಮ್ಮಲ್ಲಿ ಈ ಕೆಲಸ ಸಣ್ಣದರಿಂದ ಶುರುವಾಗಲಿ. ಪ್ರತಿ ಖಾತೆಯಿಂದ ಇಬ್ಬರು, ಪ್ರತಿ ಬೀದಿಯಿಂದ ಒಬ್ಬರು ಮುಂದೆ ಬಂದು, ಯಾರಿಗೆ ಎಂದಿನಿಂದ ಎದೆ ಬಿಗಿತ ಎಂಬುದನ್ನು ಒಂದು ನೋಟುಬುಕ್ಕಿನಲ್ಲಿ ಬರೆಯಿರಿ. ಒಬ್ಬನ ಕೆಮ್ಮನ್ನು ಹಣೆಬರಹ ಎನ್ನಬಹುದು. ಒಂದೇ ಖಾತೆಯ ಹದಿನೈದು ಜನರ ಕೆಮ್ಮನ್ನು ಹಾಗೆನ್ನಲು ಯಾರ ನಾಲಗೆಯೂ ಏಳಲಾರದು. ನೋಟುಬುಕ್ಕನ್ನು ನಾನು ತಂದಿದ್ದೇನೆ, ಮೇಜಿನ ಮೇಲಿದೆ. ಹೋಗುವ ಮುನ್ನ ಹೆಸರು ಬರೆಸಿ ಹೋಗಿ.