ಬೆವರಿದ ಹೆಲ್ಮೆಟ್ಟು ಮತ್ತು ಪಂಚಾಯತಿಯ ಹೊಣೆ
(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯತಿಯ ದಾಸ್ತಾನು ವಹಿಯಲ್ಲಿ ಸುರಕ್ಷತಾ ಹೆಲ್ಮೆಟ್ಟುಗಳು ಒಂದು ಸಾಲಿನಲ್ಲಿ ದಾಖಲಾಗಿರುತ್ತವೆ. ಖರೀದಿಯಾಗಿದೆ, ವಿತರಣೆಯಾಗಿದೆ, ಸಹಿ ಬಿದ್ದಿದೆ. ಲೆಕ್ಕಪರಿಶೋಧನೆಗೆ ಇಷ್ಟು ಸಾಕು. ಆದರೆ ಬೀದಿದೀಪದ ಕಂಬವೇರುವ ನೌಕರನ ತಲೆಯ ಮೇಲೆ ಆ ಹೆಲ್ಮೆಟ್ಟು ಇದೆಯೇ ಎಂಬುದನ್ನು ವಹಿ ಹೇಳುವುದಿಲ್ಲ. ಬಹಳಷ್ಟು ಕಡೆ ಅದು ಪಂಪ್‌ಹೌಸಿನ ಮೊಳೆಗೆ ತೂಗುತ್ತಿರುತ್ತದೆ, ಇಲ್ಲವೇ ಬ್ಲೀಚಿಂಗ್ ಪುಡಿಯ ಚೀಲದ ಪಕ್ಕದಲ್ಲಿ ಬಿದ್ದಿರುತ್ತದೆ. ಏಕೆ ಧರಿಸುವುದಿಲ್ಲವೆಂದು ಕೇಳಿದರೆ ನೌಕರರು ಮೊದಲು “ಸೆಖೆ” ಎನ್ನುತ್ತಾರೆ. ಇನ್ನೂ ಸ್ವಲ್ಪ ಹೊತ್ತು ಮಾತನಾಡಿಸಿದರೆ ನಿಜವಾದ ಕಾರಣ ಹೊರಬರುತ್ತದೆ: ಒಳಗೆ ನಾರುತ್ತದೆ, ಹಣೆ ತುರಿಸುತ್ತದೆ, ಮೊನ್ನೆ ಅದನ್ನು ಬೇರೊಬ್ಬರು ಹಾಕಿಕೊಂಡಿದ್ದರು.

ಈ ದೂರನ್ನು ನಾಜೂಕಿನ ಮಾತೆಂದು ತಳ್ಳಿಹಾಕುವ ವಾಡಿಕೆ ಸಭೆಗಳಲ್ಲಿದೆ. ಅದು ಸರಿಯಲ್ಲ. ನೀರಿನ ಮೇಲ್ತೊಟ್ಟಿಯ ಏಣಿ ಹತ್ತುವ ನೀರುಗಂಟಿ, ಕಸ ವಿಲೇವಾರಿ ಘಟಕದಲ್ಲಿ ದುಡಿಯುವ ಸ್ವಸಹಾಯ ಸಂಘದ ಮಹಿಳೆ, ಚರಂಡಿಯ ಕಲ್ಲುಚಪ್ಪಡಿ ಎತ್ತುವ ಸ್ವಚ್ಛತಾ ಕೆಲಸಗಾರ, ಇವರೆಲ್ಲ ದಿನಕ್ಕೆ ಹಲವು ತಾಸು ಹೆಲ್ಮೆಟ್ಟನ್ನು ಹೊತ್ತು ದುಡಿಯಬೇಕಾದವರು. ಒಂದು ತಾಸು ಸಹಿಸಲಾಗದ ವಸ್ತುವನ್ನು ಎಂಟು ತಾಸು ಧರಿಸಿರೆಂದು ನಿರ್ಣಯ ಬರೆದರೆ ಅದು ನಡವಳಿ ಪುಸ್ತಕದಲ್ಲಿಯೇ ಉಳಿಯುತ್ತದೆ.

ದುರ್ವಾಸನೆಯ ಮೂಲವನ್ನು ತಿಳಿದರೆ ಪರಿಹಾರ ಸುಲಭವಾಗುತ್ತದೆ. ಹಣೆ ಮತ್ತು ನೆತ್ತಿಯಿಂದ ಇಳಿಯುವ ಬೆವರು ಬಹುಪಾಲು ನೀರು ಮತ್ತು ಉಪ್ಪು. ಹೊಸ ಬೆವರಿಗೆ ವಾಸನೆ ಇಲ್ಲವೆಂದೇ ಹೇಳಬಹುದು. ಚರ್ಮದ ಮೇಲೆ ಸಹಜವಾಗಿ ಇರುವ ಸೂಕ್ಷ್ಮಾಣುಗಳು ಬೆವರು ಹಾಗೂ ಚರ್ಮದ ಜಿಡ್ಡನ್ನು ಒಡೆದು ಹುಳಿವಾಸನೆಯ ಆಮ್ಲಗಳನ್ನು ಉಂಟುಮಾಡುತ್ತವೆ. ಅವುಗಳಿಗೆ ಬೇಕಾದುದು ತೇವ, ಬೆಚ್ಚನೆಯ ಜಾಗ ಮತ್ತು ಸಮಯ. ಹೆಲ್ಮೆಟ್ಟಿನ ಹಣೆಪಟ್ಟಿಯ ಸ್ಪಂಜಿನಲ್ಲಿ ಮೂರೂ ದೊರೆಯುತ್ತವೆ. ಸಂಜೆ ಒದ್ದೆ ಹೆಲ್ಮೆಟ್ಟನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ, ಇಲ್ಲವೇ ಸ್ಕೂಟರಿನ ಡಿಕ್ಕಿಯೊಳಗೆ ಮುಚ್ಚಿಟ್ಟರೆ, ಮರುದಿನ ಬೆಳಿಗ್ಗೆಯ ನಾತಕ್ಕೆ ರಾತ್ರಿಯೇ ಸಿದ್ಧತೆ ನಡೆಯುತ್ತದೆ. ಅಂದರೆ ಹೆಲ್ಮೆಟ್ಟು ಕೆಡುವುದು ತಲೆಯ ಮೇಲಿರುವಾಗ ಅಷ್ಟಾಗಿ ಅಲ್ಲ, ತೆಗೆದಿಟ್ಟ ಮೇಲೆ. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ಮತ್ತು ರಸ್ತೆಯ ಧೂಳು ಸೇರಿದರೆ ಪಟ್ಟಿಯ ಮೇಲೆ ಕಪ್ಪು ಜಿಡ್ಡಿನ ಪದರ ಕಟ್ಟುತ್ತದೆ. ಅದು ಬರಿ ನೀರಿಗೆ ಬಿಡುವುದಿಲ್ಲ. ಸಾಬೂನು ಬೇಕೇ ಬೇಕು.

ಆದುದರಿಂದ ಮೊದಲ ಕ್ರಮಕ್ಕೆ ಕಾಸು ಖರ್ಚಿಲ್ಲ. ಕೆಲಸ ಮುಗಿದೊಡನೆ ಹಣೆಪಟ್ಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹೆಲ್ಮೆಟ್ಟಿನ ಒಳಭಾಗಕ್ಕೆ ಗಾಳಿಯಾಡುವಂತೆ ನೆರಳಿನಲ್ಲಿ ತೂಗುಹಾಕಬೇಕು. ಪಂಚಾಯತಿ ಕಚೇರಿಯ ಅಥವಾ ಪಂಪ್‌ಹೌಸಿನ ಪಡಸಾಲೆಯಲ್ಲಿ ಗೂಟಗಳ ಒಂದು ಸಾಲು ಹೊಡೆಸಿ, ಪ್ರತಿ ಗೂಟಕ್ಕೂ ನೌಕರರ ಹೆಸರು ಬರೆಸಿದರೆ ಅರ್ಧ ಸಮಸ್ಯೆ ಅಲ್ಲಿಯೇ ಮುಗಿಯುತ್ತದೆ.

ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಎರಡು ಬಾರಿ, ಒಳಗಿನ ಜಾಲಪಟ್ಟಿಯನ್ನು ಚಿಪ್ಪಿನಿಂದ ಬಿಡಿಸಿ ತೊಳೆಯಬೇಕು. ಹೆಚ್ಚಿನ ಹೆಲ್ಮೆಟ್ಟುಗಳಲ್ಲಿ ಅದು ನಾಲ್ಕು ಅಥವಾ ಆರು ಕೊಂಡಿಗಳಿಂದ ಸಿಕ್ಕಿಕೊಂಡಿರುತ್ತದೆ. ಉಗುರುಬೆಚ್ಚಗಿನ ನೀರಿಗೆ ಸೌಮ್ಯವಾದ ಸಾಬೂನು ಅಥವಾ ಶಾಂಪೂ ಬೆರೆಸಿ 10–15 ನಿಮಿಷ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹೊಲಿಗೆಯ ಸಂದುಗಳನ್ನು ಮೆಲ್ಲಗೆ ಉಜ್ಜಬೇಕು. ಅಂಟುವಾಳದ ನೊರೆಯೂ ಈ ಕೆಲಸಕ್ಕೆ ಒದಗುತ್ತದೆ. ಬಳಿಕ ಶುದ್ಧ ನೀರಿನಲ್ಲಿ ಎರಡು ಬಾರಿ ಜಾಲಿಸುವುದು ಅವಶ್ಯ. ಪಟ್ಟಿಯಲ್ಲಿ ಉಳಿದ ಸಾಬೂನು ಮರುದಿನದ ಬೆವರಿನೊಡನೆ ಕರಗಿ ಹಣೆಯನ್ನು ಉರಿಸುತ್ತದೆ, ಆಗ ತೊಳೆದುದೇ ತಪ್ಪಾಯಿತೆಂಬ ಭಾವನೆ ನೌಕರರಲ್ಲಿ ಮೂಡುತ್ತದೆ. ಸ್ಪಂಜಿನ ಪಟ್ಟಿಯನ್ನು ಹಿಂಡಿ ತಿರುಚಬಾರದು. ಅಂಗೈಗಳ ನಡುವೆ ಅದುಮಿ ನೀರು ತೆಗೆಯಬೇಕು. ತೊಳೆದ ಮೇಲೂ ವಾಸನೆ ಉಳಿದರೆ ಒಂದು ಮಗ್ಗು ನೀರಿಗೆ ಒಂದು ಚಮಚ ಅಡುಗೆ ಸೋಡಾ ಕರಗಿಸಿ ಸ್ವಲ್ಪ ಹೊತ್ತು ಅದ್ದಿಟ್ಟು, ಮತ್ತೆ ಜಾಲಿಸಬಹುದು. ಸೋಡಾ ಕ್ಷಾರಗುಣದ್ದಾದುದರಿಂದ ವಾಸನೆಯ ಆಮ್ಲಗಳನ್ನು ಶಮನಗೊಳಿಸುತ್ತದೆ. ಸುಗಂಧದ ಸ್ಪ್ರೇ ಹಾಗಲ್ಲ, ಅದು ನಾತದ ಮೇಲೆ ಇನ್ನೊಂದು ವಾಸನೆಯನ್ನು ಹೊದಿಸುತ್ತದೆ ಅಷ್ಟೇ. ಪಟ್ಟಿ ಪೂರ್ಣ ಒಣಗಿದ ನಂತರವೇ ಕೂಡಿಸಬೇಕು, ಪ್ರತಿ ಕೊಂಡಿಯೂ ಸದ್ದಾಗಿ ಕೂತಿದೆಯೇ ಎಂದು ನೋಡಬೇಕು. ಒಂದು ಕೊಂಡಿ ಸಡಿಲವಿದ್ದರೂ ಪೆಟ್ಟು ಬಿದ್ದಾಗ ಹೆಲ್ಮೆಟ್ಟು ವಾಲುತ್ತದೆ.

ಇಲ್ಲಿಯೇ ಕೆಲವು ಅಪಾಯಗಳಿವೆ. ಪಂಚಾಯತಿಯಲ್ಲಿ ಸುಲಭವಾಗಿ ಕೈಗೆ ಸಿಗುವ ಬ್ಲೀಚಿಂಗ್ ಪುಡಿಯನ್ನು ಗಟ್ಟಿಯಾಗಿ ಕಲಸಿ ಹೆಲ್ಮೆಟ್ಟು ತೊಳೆಯುವವರುಂಟು. ಅದು ಪಟ್ಟಿಯ ನೂಲನ್ನು ಸವೆಸುತ್ತದೆ, ನೆತ್ತಿಯ ಚರ್ಮವನ್ನು ಕೆರಳಿಸುತ್ತದೆ. ಅದರೊಡನೆ ಶೌಚಾಲಯ ತೊಳೆಯುವ ಆಸಿಡ್ ಬೆರೆತರಂತೂ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಚಿಪ್ಪಿನ ಮೇಲಿನ ಡಾಂಬರು, ಬಣ್ಣದ ಕಲೆ ತೆಗೆಯಲು ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಬಳಸುವುದು ಇನ್ನೊಂದು ಅಭ್ಯಾಸ. ಪಾಲಿಕಾರ್ಬೊನೇಟ್ ಮತ್ತು ಎಬಿಎಸ್ ಪ್ಲಾಸ್ಟಿಕ್ಕುಗಳು ಇಂತಹ ದ್ರಾವಕಗಳಿಗೆ ಕಣ್ಣಿಗೆ ಕಾಣದಂತೆ ಬಿರುಕು ಬಿಡುತ್ತವೆ. ಮೇಲೆ ಹೊಳಪಿದ್ದರೂ ಒಳಗೆ ಬಲವಿರುವುದಿಲ್ಲ. ಕುದಿಯುವ ನೀರು ಆಕಾರ ಕೆಡಿಸುತ್ತದೆ. ದಿನಗಟ್ಟಲೆ ಬಿಸಿಲಿನಲ್ಲಿ ಬಿಟ್ಟರೆ ನೇರಳಾತೀತ ಕಿರಣಗಳಿಂದ ಪ್ಲಾಸ್ಟಿಕ್ ಪೆಡಸಾಗುತ್ತದೆ. ಕಲಬುರಗಿ, ರಾಯಚೂರು ಕಡೆಯ ಬಿಸಿಲಿಗೆ ಇದನ್ನು ಒತ್ತಿ ಹೇಳಬೇಕಾಗಿದೆ. ಗಾಳಿಯಾಡಲೆಂದು ಚಿಪ್ಪಿಗೆ ತೂತು ಕೊರೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ತೂತಿನಿಂದ ಬಲವೂ ಕುಗ್ಗುತ್ತದೆ, ವಿದ್ಯುತ್ ಕೆಲಸದವರಿಗೆ ನಿರೋಧಕ ರಕ್ಷಣೆಯೂ ಇಲ್ಲವಾಗುತ್ತದೆ.

ತಲೆಗೂ ಚಿಪ್ಪಿಗೂ ನಡುವೆ ಬಿಟ್ಟಿರುವ ಸುಮಾರು ಒಂದು ಅಂಗುಲದ ತೆರಪು ವ್ಯರ್ಥವಾದುದಲ್ಲ; ಪೆಟ್ಟನ್ನು ತಾಳುವ ಜಾಗ ಅದೇ, ಗಾಳಿಯ ದಾರಿಯೂ ಅದೇ. ಅಲ್ಲಿ ಟವೆಲು ಮಡಿಸಿಡುವುದು, ಬೀಡಿಕಟ್ಟು, ಮೊಬೈಲು ಸಿಕ್ಕಿಸುವುದು ಕೂಡದು. ಬೆವರು ಹೀರಲು ತೆಳುವಾದ ಹತ್ತಿ ಬಟ್ಟೆಯನ್ನು ಗಂಟಿಲ್ಲದೆ, ಸುಕ್ಕಿಲ್ಲದೆ ತಲೆಗೆ ಸುತ್ತಿಕೊಳ್ಳಬಹುದು, ಅದನ್ನು ದಿನವೂ ಒಗೆಯಬೇಕು. ಮಹಿಳೆಯರು ತುರುಬನ್ನು ಕೆಳಗಿಳಿಸಿ ಕಟ್ಟಿದರೆ ಹೆಲ್ಮೆಟ್ಟು ನೆತ್ತಿಗೆ ಸರಿಯಾಗಿ ಕೂರುತ್ತದೆ. ಮೇಲ್ತುರುಬಿನ ಮೇಲೆ ಕೂತ ಹೆಲ್ಮೆಟ್ಟು ಬಗ್ಗಿದೊಡನೆ ಜಾರುವುದು ಎಲ್ಲರೂ ಕಂಡಿರುವುದೇ.

ಇನ್ನು ಹಂಚಿಕೆಯ ಮಾತು. ಹತ್ತು ನೌಕರರಿಗೆ ನಾಲ್ಕು ಹೆಲ್ಮೆಟ್ಟು ಕೊಂಡು “ಸರದಿಯಂತೆ ಬಳಸಿ” ಎನ್ನುವುದು ಉಳಿತಾಯವಲ್ಲ. ಹೇನು, ನೆತ್ತಿಯ ಹುಳುಕಡ್ಡಿ ಒಬ್ಬರಿಂದ ಒಬ್ಬರಿಗೆ ಹರಡಲು ಅದು ದಾರಿ. ಅದಕ್ಕಿಂತ ಮಿಗಿಲಾದ ಇನ್ನೊಂದು ಸಂಗತಿಯೂ ಇದೆ. ಯಾರು ಧರಿಸಿದ್ದನ್ನು ಯಾರು ಧರಿಸಬೇಕು ಎಂಬ ಪ್ರಶ್ನೆಯ ಹಿಂದೆ ಕೆಲವೊಮ್ಮೆ ಶುಚಿತ್ವವಲ್ಲ, ಜಾತಿ ಇರುತ್ತದೆ. ಹೊಸ ಹೆಲ್ಮೆಟ್ಟು ಪಂಪು ಆಪರೇಟರಿಗೆ, ಅವರು ಬಿಟ್ಟ ಹಳೆಯದು ಸ್ವಚ್ಛತಾ ಕೆಲಸಗಾರರಿಗೆ ಎಂಬ ಏರ್ಪಾಡು ಎಲ್ಲಿಯೇ ಇದ್ದರೂ ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿ ಅದನ್ನು ನಿಲ್ಲಿಸಬೇಕು. ಪ್ರತಿಯೊಬ್ಬರಿಗೂ ಹೆಸರಿರುವ ಸ್ವಂತ ಹೆಲ್ಮೆಟ್ಟು ದೊರೆತರೆ ನಾತದ ದೂರೂ ಕಡಿಮೆಯಾಗುತ್ತದೆ, ಏಕೆಂದರೆ ತನ್ನದನ್ನು ಯಾರೂ ತೊಳೆಯದೆ ಬಿಡುವುದಿಲ್ಲ. ಮಲಗುಂಡಿ, ಒಳಚರಂಡಿಗೆ ಮನುಷ್ಯರನ್ನು ಇಳಿಸುವ ವಿಷಯ ಇಲ್ಲಿ ಬೆರೆಯಬಾರದು. 2013ರ ಕಾಯ್ದೆಯ ನಿಷೇಧವನ್ನು ಹೆಲ್ಮೆಟ್ಟು ತೊಡಿಸಿ ದಾಟಲಾಗದು.

ಖರೀದಿಯ ವೇಳೆ ಸದಸ್ಯರು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಚಿಪ್ಪಿನ ಮೇಲೆ ಐಎಸ್‌ಐ ಗುರುತು ಮತ್ತು ಐಎಸ್ 2925 ಎಂಬ ಸಂಖ್ಯೆ ಇದೆಯೇ? ದ್ವಿಚಕ್ರ ವಾಹನದ ಹೆಲ್ಮೆಟ್ಟಿನ ಮಾನಕ ಐಎಸ್ 4151; ಅದು ಬೇರೆ ಕೆಲಸದ್ದು. ಹಣೆಪಟ್ಟಿ ಬಿಡಿಸಿ ತೊಳೆಯಲು ಬರುತ್ತದೆಯೇ, ಬಿಡಿಪಟ್ಟಿ ಬೇರೆಯಾಗಿ ಸಿಗುತ್ತದೆಯೇ? ಪ್ರತಿ ಹೆಲ್ಮೆಟ್ಟಿಗೆ ಎರಡು ಹಣೆಪಟ್ಟಿ ಕೊಂಡರೆ ಒಂದು ಒಣಗುವಾಗ ಇನ್ನೊಂದು ತಲೆಯ ಮೇಲಿರುತ್ತದೆ. ಕರಾವಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ತೊಳೆದದ್ದು ಎರಡು ದಿನವಾದರೂ ಒಣಗುವುದಿಲ್ಲವಾದ್ದರಿಂದ ಅಲ್ಲಿ ಮೂರನೆಯದೂ ದುಬಾರಿಯಲ್ಲ. ತಯಾರಾದ ತಿಂಗಳು, ವರ್ಷ ಚಿಪ್ಪಿನ ಒಳಗೆ ಬಾಣದ ಗುರುತಿನೊಡನೆ ಅಚ್ಚಾಗಿರುತ್ತದೆ. ಜಾಲಪಟ್ಟಿಯನ್ನು ವರ್ಷಕ್ಕೊಮ್ಮೆ, ಚಿಪ್ಪನ್ನು ಐದು ವರ್ಷಗಳೊಳಗೆ ಬದಲಿಸಲು ಹಲವು ತಯಾರಕರು ಸೂಚಿಸುತ್ತಾರೆ. ಬಲವಾದ ಪೆಟ್ಟು ತಿಂದದ್ದನ್ನು ಬಿರುಕು ಕಾಣದಿದ್ದರೂ ಅಂದೇ ಬದಲಿಸಬೇಕು.

ಹೀಗೆ ವಿಲೇವಾರಿಗೆ ಬಂದ ಚಿಪ್ಪುಗಳು ಕಾಮಗಾರಿಯ ಸ್ಥಳದಲ್ಲಿ ಮರಳು ಮೊಗೆಯಲು, ನೀರು ಸೇದಲು ಬಳಕೆಯಾಗಿ, ಮತ್ತೆ ಯಾರದೋ ತಲೆಗೇರುವುದುಂಟು. ದಾಸ್ತಾನು ವಹಿಯಿಂದ ತೆಗೆಯುವ ದಿನವೇ ಗಲ್ಲಪಟ್ಟಿಯನ್ನೂ ಜಾಲಪಟ್ಟಿಯನ್ನೂ ಕತ್ತರಿಸಿ, ಚಿಪ್ಪನ್ನು ಒಣಕಸದ ಘಟಕಕ್ಕೆ ಕಳುಹಿಸುವುದು ಸೂಕ್ತ.